ಹೆರಿಗೆ ಮುಗಿದ ಮೇಲೂ ಬಿಪಿ ಏರುತ್ತದೆಯೇ?

ಪ್ರಶ್ನೆ: ಬಸಿರಿನಲ್ಲಿ ತಂಗಿಯ ಬಿಪಿ ಸರಿಯಾಗಿಯೇ ಇತ್ತು. ಹೆರಿಗೆಯಾದ ಐದನೇ ದಿನ ವಿಪರೀತ ತಲೆನೋವು. ನಿದ್ದೆಗೆಟ್ಟಿದ್ದಕ್ಕೆ ಎಂದುಕೊಂಡೆವು. ಆಸ್ಪತ್ರೆಯಲ್ಲಿ ನೋಡಿದರೆ 164/112. ಈಗ ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ದಾರೆ. ಮಗು ಹುಟ್ಟಿದ ಮೇಲೂ ಹೀಗಾಗುತ್ತದೆಯೇ?

ಉತ್ತರ: ಆಗುತ್ತದೆ. ಬಸಿರಿನಲ್ಲಿ ಮೈಯಲ್ಲಿ ಸೇರಿದ್ದ ಹೆಚ್ಚುವರಿ ನೀರು ಹೆರಿಗೆಯ ನಂತರ ರಕ್ತನಾಳಗಳಿಗೆ ಮರಳುತ್ತದೆ. ಹಾಗಾಗಿ ಬಿಪಿ ಸಾಮಾನ್ಯವಾಗಿ 3ರಿಂದ 6ನೇ ದಿನದೊಳಗೆ ತೀರಾ ಮೇಲೇರುತ್ತದೆ. ಅಷ್ಟರಲ್ಲಿ ಎಷ್ಟೋ ಬಾಣಂತಿಯರು ಮನೆ ಸೇರಿರುತ್ತಾರೆ, ನೋಡುವವರಿರುವುದಿಲ್ಲ. ಮೊದಲು ಬಿಪಿ ಇಲ್ಲದವರಿಗೂ ಆರು ವಾರಗಳವರೆಗೆ ಪ್ರೀಎಕ್ಲಾಂಪ್ಸಿಯಾ (ಬಸಿರು, ಬಾಣಂತನದಲ್ಲಿ ಬಿಪಿ ಏರಿ ಅಂಗಾಂಗಗಳಿಗೆ ತೊಂದರೆ ಕೊಡುವ ಕಾಯಿಲೆ) ಕಾಣಿಸಿಕೊಳ್ಳಬಹುದು. ಕಡೆಗಣಿಸಿದರೆ ಫಿಟ್ಸ್, ಪಾರ್ಶ್ವವಾಯು ಆಗುವ ಅಪಾಯವಿದೆ.

ಪ್ಯಾರಾಸಿಟಮಾಲ್‌ಗೂ ಬಗ್ಗದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮಿಂಚು ಹೊಡೆದಂತಾಗುವುದು, ಬಲ ಪಕ್ಕೆಲುಬಿನ ಕೆಳಗೆ ನೋವು, ಉಸಿರುಕಟ್ಟುವುದು, ಮುಖ ಕೈ ಏಕಾಏಕಿ ಊದುವುದು: ಇವುಗಳಲ್ಲಿ ಒಂದಿದ್ದರೂ ಅಂಕಿ ಎಷ್ಟೇ ಇರಲಿ, ಅಂದೇ ಆಸ್ಪತ್ರೆಗೆ ಹೋಗಬೇಕು. ಹೋದ ತಕ್ಷಣ “ಹೆರಿಗೆಯಾಗಿ ಇಷ್ಟು ದಿನ” ಎಂದು ಮೊದಲು ಹೇಳಿ. ಅದು ತಿಳಿಯದಿದ್ದರೆ ಬರೀ ತಲೆನೋವೆಂದು ಮಾತ್ರೆ ಬರೆದು ಕಳಿಸಿಬಿಡಬಹುದು.

ಪ್ರಶ್ನೆ: ಮನೆಯಲ್ಲಿ ಅಳೆದಾಗ ಪ್ರತಿ ಸಲ ಬೇರೆ ಬೇರೆ ಅಂಕಿ ಬರುತ್ತದೆ. ಯಾವುದನ್ನು ನಂಬಬೇಕು?

ಉತ್ತರ: ಅಳೆಯುವ ರೀತಿಯನ್ನು ಒಮ್ಮೆ ಪರೀಕ್ಷಿಸಿ. ಮೂತ್ರ ವಿಸರ್ಜಿಸಿ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಾದ ನೆಲದ ಮೇಲಿರಲಿ, ಕಾಲು ಒಂದರ ಮೇಲೊಂದು ಬೇಡ. ಪಟ್ಟಿಯನ್ನು ಬಟ್ಟೆಯ ಮೇಲಲ್ಲ, ಬರಿದೋಳಿಗೇ ಕಟ್ಟಿ, ತೋಳು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲಿಡಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಅಂಕಿ ಹುಸಿಯಾಗಿ ಹೆಚ್ಚು ಬರುತ್ತದೆ. ಅಳೆಯುವಾಗ ಮಾತು ಬೇಡ, ಹಾಲೂಡಿಸುವುದೂ ಬೇಡ. ಒಂದು ನಿಮಿಷ ಬಿಟ್ಟು ಎರಡು ಬಾರಿ, ಬೆಳಿಗ್ಗೆ ಸಂಜೆ ಅಳೆದು ಬರೆದಿಡಿ.

ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ ಅಂದೇ ವೈದ್ಯರಿಗೆ ತಿಳಿಸಿ. 160 ಅಥವಾ 110 ಮುಟ್ಟಿದರೆ ಕೆಲ ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ. ಇಳಿಯದಿದ್ದರೆ ರಾತ್ರಿಯಾದರೂ ಸರಿ, ಹೊರಡಿ. ಬೆಳಗಾಗಲೆಂದು ಕಾಯಲೇಬೇಡಿ.

ಪ್ರಶ್ನೆ: ಬಿಪಿ ಮಾತ್ರೆ ನುಂಗುತ್ತಾ ಎದೆಹಾಲು ಕೊಡಬಹುದೇ? ಅಂಕಿ ಇಳಿದರೆ ಬಿಟ್ಟುಬಿಡಲೇ?

ಉತ್ತರ: ಧಾರಾಳವಾಗಿ ಕೊಡಿ. ಬಾಣಂತಿಯರಿಗೆ ಸಾಮಾನ್ಯವಾಗಿ ಬರೆಯುವ ನಿಫೆಡಿಪಿನ್, ಲೆಬೆಟಲಾಲ್, ಎನಲಾಪ್ರಿಲ್‌ಗಳು ಎದೆಹಾಲಿಗೆ ಸೇರುವುದು ಅತ್ಯಲ್ಪ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಮಾತ್ರ ವೈದ್ಯರಿಗೆ ಮತ್ತೊಮ್ಮೆ ನೆನಪಿಸಿ. ಅಂಕಿ ಇಳಿದಿರುವುದು ಮಾತ್ರೆಯಿಂದಲೇ ಇರಬಹುದು, ಹಾಗಾಗಿ ನೀವಾಗಿ ನಿಲ್ಲಿಸಬೇಡಿ, ವೈದ್ಯರೇ ಹಂತಹಂತವಾಗಿ ತಗ್ಗಿಸುತ್ತಾರೆ. ಹನ್ನೆರಡು ವಾರಗಳ ನಂತರವೂ ಹೆಚ್ಚಿದ್ದರೆ ಬೇರೆ ಕಾರಣ ಹುಡುಕಬೇಕಾಗುತ್ತದೆ. ಮುಂದಿನ ಬಸಿರು ನಿಂತಾಗ ಮೊದಲ ಭೇಟಿಯಲ್ಲೇ ಈ ವಿಷಯ ಹೇಳಿ. ಬೇಕಿದ್ದವರಿಗೆ 16 ವಾರದೊಳಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಶುರುಮಾಡುತ್ತಾರೆ.