ಓದುಗರ ಪ್ರಶ್ನೆ, ನಮ್ಮ ಉತ್ತರ: ಸದ್ದು ಮಾಡದೆ ಗೆದ್ದ ಟಿಮ್ ಡಂಕನ್

ಈ ಬಾರಿ ಬಂದ ಪತ್ರಗಳಲ್ಲಿ ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗ್‌ನ ನಿವೃತ್ತ ಆಟಗಾರ ಟಿಮ್ ಡಂಕನ್ ಅವರನ್ನು ಕುರಿತ ಪ್ರಶ್ನೆಗಳೇ ಹೆಚ್ಚಾಗಿರುವುದರಿಂದ ಇಡೀ ಅಂಕಣವನ್ನು ಅವರಿಗೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಡಂಕನ್ ಅವರ ಹಳೆಯ ಪಂದ್ಯಗಳ ತುಣುಕುಗಳನ್ನು ಈಚೆಗೆ ನೋಡಿದೆ. ಎಗರಿ ಚೆಂಡನ್ನು ರಿಂಗಿಗೆ ಅಪ್ಪಳಿಸುವ ಅಬ್ಬರವಾಗಲಿ, ಕಣ್ಣು ಕುಕ್ಕುವ ಡ್ರಿಬ್ಲಿಂಗ್ ಆಗಲಿ ಕಾಣಲಿಲ್ಲ. ಆದರೂ ಅವರನ್ನು ಸಾರ್ವಕಾಲಿಕ ಶ್ರೇಷ್ಠರ ಸಾಲಿನಲ್ಲಿ ಕೂರಿಸುತ್ತಾರಲ್ಲ, ಏಕೆ?

ಉತ್ತರ: ತುಣುಕುಗಳನ್ನಷ್ಟೇ ನೋಡಿದ್ದರಿಂದ ನಿಮಗೆ ಹಾಗನ್ನಿಸಿದೆ, ಡಂಕನ್ ಅವರದು ಇಡೀ ಪಂದ್ಯ ಕುಳಿತು ನೋಡಬೇಕಾದ ಆಟ. 1997ರಿಂದ 2016ರವರೆಗೆ 19 ಋತುಗಳನ್ನು ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡವೊಂದರಲ್ಲೇ ಕಳೆದ ಅವರು 1999, 2003, 2005, 2007 ಮತ್ತು 2014ರಲ್ಲಿ ಪ್ರಶಸ್ತಿ ಗೆದ್ದ ತಂಡದಲ್ಲಿದ್ದರು. 2002 ಮತ್ತು 2003ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡರು. ಪ್ರಶಸ್ತಿಗಾಗಿ ಋತುವಿನ ಕೊನೆಗೆ ನಡೆಯುವ ಪ್ಲೇಆಫ್ ಬಿಟ್ಟು 1392 ಪಂದ್ಯಗಳಲ್ಲಿ ಅವರು ಗಳಿಸಿದ್ದು 26,496 ಅಂಕ, 15,091 ರಿಬೌಂಡ್ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು) ಮತ್ತು 3020 ಬ್ಲಾಕ್ (ಎದುರಾಳಿಯ ಎಸೆತವನ್ನು ತಡೆಯುವುದು). ಒಂದು ಪಂದ್ಯಕ್ಕೆ ಲೆಕ್ಕ ಹಾಕಿದರೆ 19 ಅಂಕ, ಹನ್ನೊಂದರ ಹತ್ತಿರ ರಿಬೌಂಡ್. ಈ ಸರಾಸರಿ ನೋಡಿ ಯಾರೂ ಬೆರಗಾಗಲಿಕ್ಕಿಲ್ಲ, ಆದರೆ ಅದನ್ನು ಎರಡು ದಶಕ ಕಾಯ್ದುಕೊಂಡವರು ಬೆರಳೆಣಿಕೆಯಷ್ಟು ಮಂದಿ ಮಾತ್ರ.

ಅವರ ಹೆಸರಿನೊಂದಿಗೆ ಅಂಟಿಕೊಂಡಿರುವ ಎಸೆತವನ್ನೇ ನೋಡಿ. ರಿಂಗಿನ ಎಡಬದಿಯಲ್ಲಿ ಹತ್ತು ಹದಿನೈದು ಅಡಿ ದೂರದಲ್ಲಿ ಓರೆಯಾಗಿ ನಿಂತು ಚೆಂಡನ್ನು ಪಡೆದು, ಎದುರಾಳಿಯ ಕಡೆಗೆ ಮುಖ ತಿರುಗಿಸಿ, ಚೆಂಡನ್ನು ನೇರವಾಗಿ ರಿಂಗಿಗೆ ಎಸೆಯದೆ ಬೋರ್ಡಿನ ಮೇಲೆ ಬರೆದಿರುವ ಚೌಕದ ಮೇಲಿನ ಮೂಲೆಗೆ ತಾಗಿಸಿ ಒಳಗೆ ಇಳಿಸುವ ಬ್ಯಾಂಕ್ ಶಾಟ್ ಅದು. ಶಾಲಾ ಮಕ್ಕಳಿಗೆ ಮೊದಲ ವಾರ ಕಲಿಸಿ, ಅವರು ಬೆಳೆದ ಮೇಲೆ ಹಳೆಯ ಕಾಲದ್ದೆಂದು ಕೈಬಿಡುವ ಎಸೆತ. ಬೋರ್ಡಿಗೆ ತಾಗಿದ ಚೆಂಡು ವೇಗ ಕಳೆದುಕೊಳ್ಳುತ್ತದೆ, ಹಾಗಾಗಿ ಕೈಯ ಬಲ ತುಸು ಹೆಚ್ಚಾದರೂ ಅದು ರಿಂಗಿನಿಂದ ಪುಟಿದು ಹೊರಗೆ ಹೋಗುವ ಸಂಭವ ಕಡಿಮೆ. ಎದುರಾಳಿಗೆ ಅದು ಬರುತ್ತದೆಂದು ತಿಳಿದಿರುತ್ತಿತ್ತು, ಪ್ರೇಕ್ಷಕರಿಗೂ ತಿಳಿದಿರುತ್ತಿತ್ತು. ತಡೆಯಲು ಮುಂದೆ ಬಂದರೆ ಡಂಕನ್ ಒಂದು ಹೆಜ್ಜೆಯಲ್ಲಿ ಅವರನ್ನು ದಾಟುತ್ತಿದ್ದರು, ಹಿಂದೆ ಸರಿದರೆ ಎಸೆಯುತ್ತಿದ್ದರು. ಎದುರಾಳಿ ಆಟಗಾರ ಶಕೀಲ್ ಓನೀಲ್ ಡಂಕನ್ ಅವರಿಗೆ ‘ಬಿಗ್ ಫಂಡಮೆಂಟಲ್’ ಎಂದು ಹೆಸರಿಟ್ಟಿದ್ದು ಮೂಲಪಾಠಗಳ ಮೇಲಿನ ಈ ಹಿಡಿತಕ್ಕಾಗಿ. ಬಹಳ ಮಂದಿ ಆ ಹೆಸರನ್ನು ನೀರಸ ಎಂಬ ಅರ್ಥದಲ್ಲಿ ಬಳಸಿದರು. ನನಗಂತೂ ಆಟಗಾರನೊಬ್ಬನಿಗೆ ಇದಕ್ಕಿಂತ ದೊಡ್ಡ ಬಿರುದು ಹೊಳೆಯುವುದಿಲ್ಲ.

ಒಂದೇ ಒಂದು ಪಂದ್ಯ ನೋಡಲು ಬಿಡುವಿದ್ದರೆ 2003ರ ಫೈನಲ್ ಸರಣಿಯ ಆರನೆಯದನ್ನು ಆರಿಸಿಕೊಳ್ಳಿ. ನ್ಯೂಜೆರ್ಸಿ ನೆಟ್ಸ್ ವಿರುದ್ಧ ಪ್ರಶಸ್ತಿ ನಿರ್ಧಾರವಾದ ಆ ರಾತ್ರಿ ಅವರ ಪಾಲಿಗೆ 21 ಅಂಕ, 20 ರಿಬೌಂಡ್, 10 ಅಸಿಸ್ಟ್ (ಜೊತೆಗಾರರ ಅಂಕಕ್ಕೆ ಒದಗಿಸಿದ ಪಾಸ್) ಮತ್ತು 8 ಬ್ಲಾಕ್. ರಕ್ಷಣೆಯಲ್ಲೂ ಅವರದು ಇದೇ ರೀತಿ. ತಡೆದ ಚೆಂಡನ್ನು ಪ್ರೇಕ್ಷಕರ ನಡುವೆ ಬೀಳುವಂತೆ ಬಡಿದು ಗರ್ಜಿಸುವುದಕ್ಕಿಂತ, ಅದನ್ನು ಅಂಕಣದೊಳಗೇ ಉಳಿಸಿ ತನ್ನವರ ಕೈಗೆ ಸಿಗುವಂತೆ ಮಾಡುವುದು ಅವರ ಗಮನವಾಗಿತ್ತು. ಲೀಗ್‌ನ ರಕ್ಷಣಾ ತಂಡಗಳಿಗೆ 15 ಬಾರಿ ಆಯ್ಕೆಯಾಗಿಯೂ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿ ಅವರಿಗೆ ಒಮ್ಮೆಯೂ ಬರಲಿಲ್ಲ. ಅಬ್ಬರವಿಲ್ಲದ ಆಟ ಮತ ಹಾಕುವವರ ಕಣ್ಣಿಗೂ ಕೆಲವೊಮ್ಮೆ ಬೀಳುವುದಿಲ್ಲ.

ಪ್ರಶ್ನೆ: ಅವರು ಮೊದಲು ಈಜುಗಾರರಾಗಿದ್ದರು ಎಂಬುದು ನಿಜವೇ?

ಉತ್ತರ: ನಿಜ. ಕೆರಿಬಿಯನ್ ಸಮುದ್ರದಲ್ಲಿರುವ, ಅಮೆರಿಕದ ಆಡಳಿತಕ್ಕೆ ಸೇರಿದ ವರ್ಜಿನ್ ದ್ವೀಪಗಳ ಪೈಕಿ ಒಂದಾದ ಸೇಂಟ್ ಕ್ರಾಯ್‌ನಲ್ಲಿ 1976ರ ಏಪ್ರಿಲ್ 25ರಂದು ಅವರು ಹುಟ್ಟಿದರು. ಅಕ್ಕ 1988ರ ಒಲಿಂಪಿಕ್ಸ್‌ನಲ್ಲಿ ಈಜಿದ್ದರು. ತಮ್ಮನಿಗೂ 1992ರ ಒಲಿಂಪಿಕ್ಸ್ ತಲುಪುವ ಆಸೆಯಿತ್ತು, 400 ಮೀಟರ್ ಫ್ರೀಸ್ಟೈಲ್ ಅವರ ಸ್ಪರ್ಧೆಯಾಗಿತ್ತು. 1989ರ ಸೆಪ್ಟೆಂಬರಿನಲ್ಲಿ ಬೀಸಿದ ಹ್ಯೂಗೊ ಚಂಡಮಾರುತ ದ್ವೀಪದಲ್ಲಿದ್ದ ಒಲಿಂಪಿಕ್ ಅಳತೆಯ ಏಕೈಕ ಈಜುಕೊಳವನ್ನು ಹಾಳುಗೆಡವಿತು. ಇನ್ನು ಸಮುದ್ರದಲ್ಲೇ ಅಭ್ಯಾಸ ಎಂದಾಯಿತು, ಆದರೆ ಹುಡುಗನಿಗೆ ಶಾರ್ಕ್‌ಗಳ ಭಯ. ಮರುವರ್ಷ, ಅವರಿಗೆ 14 ತುಂಬುವ ಹಿಂದಿನ ದಿನ, ತಾಯಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಈಜಿನಲ್ಲಿ ಮಗನ ಬೆನ್ನಿಗೆ ನಿಂತಿದ್ದವರು ಅವರೇ ಆಗಿದ್ದರು. ಬ್ಯಾಸ್ಕೆಟ್‌ಬಾಲನ್ನು ಅವರು ಗಂಭೀರವಾಗಿ ಹಿಡಿದದ್ದು ಇಷ್ಟೆಲ್ಲ ಆದ ಮೇಲೆ, ಒಂಬತ್ತನೆಯ ತರಗತಿಯಲ್ಲಿ.

ಮಕ್ಕಳು ಪದವಿ ಮುಗಿಸಬೇಕೆಂಬುದು ತಾಯಿಯ ಆಸೆಯಾಗಿತ್ತು. ಪ್ರತಿಭಾವಂತರು ಓದನ್ನು ಅರ್ಧಕ್ಕೆ ಬಿಟ್ಟು ಹಣದ ಲೀಗ್‌ಗೆ ಹಾರುತ್ತಿದ್ದ ಕಾಲದಲ್ಲಿ ಡಂಕನ್ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ನಾಲ್ಕೂ ವರ್ಷ ಉಳಿದು ಮನಶ್ಶಾಸ್ತ್ರದಲ್ಲಿ ಪದವಿ ಪಡೆದೇ ಹೊರಬಂದರು. ತಡವಾಗಿ ಆರಂಭಿಸಿದ ಆಟಗಾರನಿಗೆ ಆ ನಾಲ್ಕು ವರ್ಷ ಆಟದ ದೃಷ್ಟಿಯಿಂದಲೂ ವ್ಯರ್ಥವಾಗಲಿಲ್ಲ ಎಂಬುದು ನನ್ನ ಎಣಿಕೆ.

ಪ್ರಶ್ನೆ: ಅವರ ಸ್ಥಾನ ಪವರ್ ಫಾರ್ವರ್ಡೋ, ಸೆಂಟರೋ?

ಉತ್ತರ: ಎರಡೂ ರಿಂಗಿನ ಹತ್ತಿರ ಆಡುವ ಎತ್ತರದವರ ಸ್ಥಾನಗಳು, ಸೆಂಟರ್ ಇನ್ನೂ ಹತ್ತಿರ. ತಂಡದ ಹಿರಿಯ ಸೆಂಟರ್ ಡೇವಿಡ್ ರಾಬಿನ್ಸನ್ ನಿವೃತ್ತರಾಗುವ 2003ರವರೆಗೆ ಅವರ ಜೊತೆಯಲ್ಲಿ ಪವರ್ ಫಾರ್ವರ್ಡ್, ವಯಸ್ಸಾದಂತೆ ಸೆಂಟರಿನ ಕೆಲಸವೇ ಹೆಚ್ಚಾಯಿತು.

ಪ್ರಶ್ನೆ: 19 ವರ್ಷ ಒಂದೇ ತಂಡದಲ್ಲಿ ಉಳಿದದ್ದು ನಿಷ್ಠೆಯೇ, ಅನುಕೂಲವೇ?

ಉತ್ತರ: ಎರಡೂ ಇದ್ದವು, ಅದೃಷ್ಟವೂ ಇತ್ತು. 1996–97ರಲ್ಲಿ ರಾಬಿನ್ಸನ್ ಗಾಯಗೊಂಡು ಆರೇ ಪಂದ್ಯ ಆಡಿದ್ದರಿಂದ ಸ್ಪರ್ಸ್ 82ರಲ್ಲಿ 20 ಪಂದ್ಯವನ್ನಷ್ಟೇ ಗೆದ್ದಿತ್ತು. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಮೊದಲ ಸರದಿ ಸೋತ ತಂಡಗಳ ನಡುವಿನ ಲಾಟರಿಯಿಂದ ತೀರ್ಮಾನವಾಗುತ್ತದೆ. ಅದರಲ್ಲಿ ಬಾಸ್ಟನ್ ತಂಡಕ್ಕೆ ಹೆಚ್ಚು ಅವಕಾಶವಿದ್ದರೂ ಮೊದಲ ಆಯ್ಕೆಯ ಹಕ್ಕು ಸ್ಪರ್ಸ್‌ಗೆ ಬಂತು, ಡಂಕನ್ ಅವರ ಪಾಲಾದರು. ಚೀಟಿ ಬೇರೆಯವರಿಗೆ ಎದ್ದಿದ್ದರೆ ಕಥೆಯೇ ಬೇರೆ. ಆದರೆ 2000ದ ಬೇಸಿಗೆಯಲ್ಲಿ ಒಪ್ಪಂದ ಮುಗಿದು ಒರ್ಲಾಂಡೊ ಮ್ಯಾಜಿಕ್ ಕೈಬೀಸಿ ಕರೆದಾಗ ಹೋಗಲು ಯಾವ ಅಡ್ಡಿಯೂ ಇರಲಿಲ್ಲ. ಅಲ್ಲಿಗೆ ಭೇಟಿ ಕೊಟ್ಟು, ಯೋಚಿಸಿ, ಹಿಂದಿರುಗಿದರು. ಇನ್ನೊಂದು ನಿರ್ಧಾರ 2012ರದ್ದು. ಹಿಂದಿನ ಋತುವಿನಲ್ಲಿ 2 ಕೋಟಿ ಡಾಲರಿಗೂ ಮಿಕ್ಕಿ ಪಡೆದಿದ್ದವರು ಹೊಸ ಒಪ್ಪಂದದಲ್ಲಿ ವರ್ಷಕ್ಕೆ ಸುಮಾರು 1 ಕೋಟಿಗೆ ಒಪ್ಪಿದರು. ಎನ್‌ಬಿಎಯಲ್ಲಿ ತಂಡದ ಒಟ್ಟು ಸಂಬಳಕ್ಕೆ ಮಿತಿಯಿರುವುದರಿಂದ ಹಿರಿಯರು ಬಿಟ್ಟುಕೊಟ್ಟ ಹಣ ಉಳಿದವರನ್ನು ಉಳಿಸಿಕೊಳ್ಳಲು ಒದಗುತ್ತದೆ. ಸ್ಪರ್ಸ್‌ನ ಸಹ ಆಟಗಾರರಾದ ಟೋನಿ ಪಾರ್ಕರ್, ಮನು ಜಿನೋಬಿಲಿ ಅವರೊಂದಿಗಿನ ಜೊತೆಗಾರಿಕೆ ಅಷ್ಟು ವರ್ಷ ಬಾಳಿದ್ದರಲ್ಲಿ ಇಂಥ ತ್ಯಾಗಕ್ಕೂ ಪಾಲಿದೆ.

ಇದಕ್ಕೆಲ್ಲ ಇನ್ನೊಂದು ಆಸರೆ ತರಬೇತುದಾರ ಗ್ರೆಗ್ ಪೊಪೊವಿಚ್. 19 ಋತುಗಳೂ ಅವರೇ ಇದ್ದರು. ಎಲ್ಲರೆದುರು ಡಂಕನ್ ಅವರನ್ನೂ ಬೈಯುತ್ತಿದ್ದರು. ತಂಡದ ದೊಡ್ಡ ಆಟಗಾರನೇ ಬೈಸಿಕೊಂಡು ಸುಮ್ಮನಿರುವಾಗ ಹತ್ತನೆಯ ಆಟಗಾರ ಮುನಿಸಿಕೊಳ್ಳುವುದು ಹೇಗೆ? ಮೌನಿ ಎಂದ ಮಾತ್ರಕ್ಕೆ ಡಂಕನ್ ಸಾಧು ಎಂದು ತಿಳಿಯಬೇಡಿ. ತಮ್ಮ ಮೇಲೆ ಫೌಲ್ ಕೊಟ್ಟಾಗಲೆಲ್ಲ ಕಣ್ಣರಳಿಸಿ ರೆಫರಿಯನ್ನು ನೋಡುವ ಅವರ ಭಂಗಿ ಪ್ರಸಿದ್ಧ. 2007ರಲ್ಲಿ ಬೆಂಚಿನಲ್ಲಿ ಕುಳಿತು ನಕ್ಕಿದ್ದಕ್ಕಾಗಿ ಅವರನ್ನು ಪಂದ್ಯದಿಂದ ಹೊರಗೆ ಕಳುಹಿಸಲಾಯಿತು. ಹಾಗೆ ಕಳುಹಿಸಿದ ರೆಫರಿಯನ್ನೇ ಲೀಗ್ ಆ ಋತುವಿನ ಉಳಿದ ಅವಧಿಗೆ ಅಮಾನತು ಮಾಡಿತು.

ಪ್ರಶ್ನೆ: 2013ರ ಫೈನಲ್‌ನ ಆರನೆಯ ಪಂದ್ಯದ ಕೊನೆಯಲ್ಲಿ ಅವರನ್ನು ಏಕೆ ಹೊರಗೆ ಕೂರಿಸಿದ್ದರು?

ಉತ್ತರ: ಈಗಲೂ ಚರ್ಚೆಯಾಗುವ ನಿರ್ಧಾರ ಅದು. ಮಯಾಮಿ ಹೀಟ್ ವಿರುದ್ಧ ಏಳು ಪಂದ್ಯಗಳ ಸರಣಿಯಲ್ಲಿ 3–2ರಿಂದ ಮುಂದಿದ್ದ ಸ್ಪರ್ಸ್‌ಗೆ ಪ್ರಶಸ್ತಿ ಕೈಗೆಟುಕುವಷ್ಟು ಹತ್ತಿರವಿತ್ತು. 28 ಸೆಕೆಂಡು ಉಳಿದಿದ್ದಾಗ ಐದು ಅಂಕಗಳ ಮುನ್ನಡೆ, ಮಯಾಮಿಯ ಕೊನೆಯ ದಾಳಿಯ ಹೊತ್ತಿಗೆ ಅದು ಮೂರಕ್ಕೆ ಇಳಿದಿತ್ತು. ಮಯಾಮಿ ಮೂರು ಅಂಕದ ಎಸೆತವನ್ನೇ ಹುಡುಕುವುದು ಖಚಿತವಾಗಿದ್ದರಿಂದ, ಹೊರವಲಯದಲ್ಲಿ ಚುರುಕಾಗಿ ಓಡಿ ಎದುರಾಳಿಗಳನ್ನು ತಮ್ಮೊಳಗೆ ಬದಲಿಸಿಕೊಂಡು ತಡೆಯಬಲ್ಲವರಿರಲಿ ಎಂದು ಪೊಪೊವಿಚ್ ಎತ್ತರದ ಡಂಕನ್ ಅವರನ್ನು ಹೊರಗಿಟ್ಟರು. ಮಯಾಮಿಯ ಲೆಬ್ರಾನ್ ಜೇಮ್ಸ್ ಎಸೆದ ಚೆಂಡು ತಪ್ಪಿತು. ಆದರೆ ಪುಟಿದ ಚೆಂಡನ್ನು ಹಿಡಿಯಬೇಕಾದವರು ಬೆಂಚಿನಲ್ಲಿದ್ದರು; ಜೇಮ್ಸ್ ತಂಡದ ಕ್ರಿಸ್ ಬಾಶ್ ಅದನ್ನು ಹಿಡಿದು ಮೂಲೆಗೆ ದಾಟಿಸಿದರು, ರೇ ಆ್ಯಲನ್ 5.2 ಸೆಕೆಂಡು ಇರುವಾಗ ಮೂರು ಅಂಕದ ಎಸೆತದಿಂದ ಅಂಕ ಸಮ ಮಾಡಿದರು. ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ 103–100ರಿಂದ ಕೈತಪ್ಪಿತು. ಆ ದಿನ 37ರ ಹರೆಯದ ಡಂಕನ್ 30 ಅಂಕ, 17 ರಿಬೌಂಡ್ ಗಳಿಸಿದ್ದರು. ತರ್ಕವಾಗಿ ನೋಡಿದರೆ ತರಬೇತುದಾರರ ನಿರ್ಧಾರ ತಪ್ಪಲ್ಲ. ಆದರೂ 17 ರಿಬೌಂಡ್ ಹಿಡಿದವರನ್ನು ಆ ಗಳಿಗೆಯಲ್ಲಿ ಹೊರಗಿಡಲು ನನಗೆ ಧೈರ್ಯ ಬರುತ್ತಿರಲಿಲ್ಲ.

ಏಳನೆಯ ಪಂದ್ಯದಲ್ಲಿ ಒಂದು ನಿಮಿಷವೂ ಉಳಿದಿಲ್ಲದಾಗ, ಸಮ ಮಾಡಬಹುದಾಗಿದ್ದ ಹತ್ತಿರದ ಎಸೆತವೊಂದನ್ನು ಡಂಕನ್ ತಪ್ಪಿಸಿಕೊಂಡರು, ಹಿಂದಿರುಗಿ ಓಡಿ ಎರಡೂ ಅಂಗೈಗಳಿಂದ ನೆಲಕ್ಕೆ ಬಡಿದರು. ಅವರ ಮುಖದ ಭಾವ ಓದಲಾಗದು ಎನ್ನುತ್ತಿದ್ದವರೆಲ್ಲ ಆ ದಿನ ಅದನ್ನು ಓದಿದರು. ಮರುವರ್ಷ ಅದೇ ಮಯಾಮಿಯನ್ನು ಸ್ಪರ್ಸ್ 4–1ರಿಂದ ಸೋಲಿಸಿತು. ಆ ಸರಣಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಯುವ ಆಟಗಾರ ಕವಾಯ್ ಲೆನಾರ್ಡ್ ಅವರಿಗೆ ಸಂದಿತು.

ಪ್ರಶ್ನೆ: ನಿವೃತ್ತಿಯ ನಂತರ ಅವರು ಏನು ಮಾಡಿದರು?

ಉತ್ತರ: ವಿದಾಯದ ಪ್ರವಾಸವಾಗಲಿ, ಕಣ್ಣೀರಿನ ಪತ್ರಿಕಾಗೋಷ್ಠಿಯಾಗಲಿ ಇರಲಿಲ್ಲ, 2016ರ ಜುಲೈ 11ರಂದು ತಂಡ ಒಂದು ಪ್ರಕಟಣೆ ಹೊರಡಿಸಿತು, ಅಷ್ಟೆ. ಅದೇ ಡಿಸೆಂಬರಿನಲ್ಲಿ ಅವರ 21ನೆಯ ಸಂಖ್ಯೆಯ ಅಂಗಿಯನ್ನು ಕ್ರೀಡಾಂಗಣದ ಮಾಡಿಗೆ ಏರಿಸಲಾಯಿತು. 2020ರಲ್ಲಿ ಬ್ಯಾಸ್ಕೆಟ್‌ಬಾಲ್ ಗಣ್ಯರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು. ಸಾಂಕ್ರಾಮಿಕದ ಕಾರಣ ಸಮಾರಂಭ ನಡೆದದ್ದು 2021ರ ಮೇ ತಿಂಗಳಲ್ಲಿ. 2019–20ರ ಋತುವಿನಲ್ಲಿ ಅವರು ಪೊಪೊವಿಚ್ ಅವರ ಸಹಾಯಕ ತರಬೇತುದಾರರಾಗಿದ್ದರು. ಮಾರ್ಚಿನ ಒಂದು ದಿನ ಪೊಪೊವಿಚ್ ಬಾರದಿದ್ದುದರಿಂದ ಶಾರ್ಲಟ್ ಹಾರ್ನೆಟ್ಸ್ ವಿರುದ್ಧ ತಂಡವನ್ನು ನಡೆಸುವ ಹೊಣೆ ಇವರ ಹೆಗಲಿಗೆ ಬಿತ್ತು. ಸ್ಪರ್ಸ್ ಒಂದು ಅಂಕದಿಂದ ಗೆದ್ದಿತು. ಆ ಋತು ಮುಗಿದ ಮೇಲೆ ಅವರು ಸಹಾಯಕರ ಹುದ್ದೆಯನ್ನೂ ಬಿಟ್ಟರು.