ಸ್ಟೀರಾಯ್ಡ್ ಮಾತ್ರೆ ಸೆರೊಟೋನಿನ್ ರಿಸೆಪ್ಟರ್‌ಗಳನ್ನು ಸಾಯಿಸುತ್ತದಾ?

ಪ್ರಶ್ನೆ: ನನಗೆ 38 ವರ್ಷ. ಆಸ್ತಮಾ ಜಾಸ್ತಿಯಾಯಿತೆಂದು ವೈದ್ಯರು ಒಂದು ವಾರಕ್ಕೆ ಪ್ರೆಡ್ನಿಸೋಲೋನ್ ಮಾತ್ರೆ ಬರೆದುಕೊಟ್ಟರು. ಎರಡನೇ ದಿನದಿಂದ ರಾತ್ರಿ ನಿದ್ದೆ ಇಲ್ಲ, ಸಣ್ಣ ಸಣ್ಣ ಮಾತಿಗೂ ಸಿಟ್ಟು. ಸ್ಟೀರಾಯ್ಡ್ ತಗೊಂಡರೆ ಮೆದುಳಿನ ಸೆರೊಟೋನಿನ್ ರಿಸೆಪ್ಟರ್‌ಗಳು ಸತ್ತೇ ಹೋಗುತ್ತವೆ ಎಂದು ಓದಿದೆ. ನಿಜವೇ? ಮಾತ್ರೆ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಉಸಿರಾಟದ ತೊಂದರೆ ಮತ್ತೆ ಕೆರಳಬಹುದು. ಸೆರೊಟೋನಿನ್ ಅಂದರೆ ನರಕೋಶಗಳು ಸಂದೇಶ ಕಳಿಸಲು ಬಳಸುವ ಒಂದು ರಾಸಾಯನಿಕ; ರಿಸೆಪ್ಟರ್ ಅಂದರೆ ಇಂಥ ಸಂದೇಶವನ್ನು ಹಿಡಿದುಕೊಳ್ಳುವ ಪ್ರೋಟೀನು. ಅದು ಸಾಯುತ್ತದೆ ಅನ್ನುವ ಮಾತು ತಪ್ಪು. ಆದರೆ ಸುಮ್ನೆ ಹುಟ್ಟಿದ ಮಾತೂ ಅಲ್ಲ.

ಸ್ಟೀರಾಯ್ಡ್ ಹಾರ್ಮೋನುಗಳೆಲ್ಲ ಕೊಲೆಸ್ಟರಾಲ್‌ನಿಂದ ತಯಾರಾಗುವಂಥವು. ಕೊಬ್ಬಿನ ಜಾತಿಯವಾದ್ದರಿಂದ ಜೀವಕೋಶದ ಪೊರೆ ದಾಟಿ ಸಲೀಸಾಗಿ ಒಳಗೆ ಹೋಗುತ್ತವೆ. ಅಲ್ಲಿ ತಮ್ಮದೇ ರಿಸೆಪ್ಟರ್ ಜೊತೆ ಸೇರಿ ಡಿಎನ್ಎ ಮೇಲೆ ಕೂತು, ಕೆಲವು ಜೀನ್‌ಗಳ ಕೆಲಸ ಹೆಚ್ಚಿಸುತ್ತವೆ, ಕೆಲವನ್ನು ತಗ್ಗಿಸುತ್ತವೆ. ಸೆರೊಟೋನಿನ್ ರಿಸೆಪ್ಟರ್ ಕೂಡ ಜೀನ್ ನೋಡಿ ತಯಾರಾಗುವ ಪ್ರೋಟೀನೇ ಅಲ್ವಾ? ಹಾಗಾಗಿ ಅದರ ಸಂಖ್ಯೆ ಏರುಪೇರಾಗುತ್ತದೆ. ಇದಕ್ಕೆ ಗಂಟೆಗಳು, ಕೆಲವೊಮ್ಮೆ ದಿನಗಳು ಬೇಕು.

ಇಲಿಗಳಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ದೇಹದ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ತೆಗೆದರೆ ಮೆದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ 5-ಎಚ್‌ಟಿ1ಎ ರಿಸೆಪ್ಟರ್ ಹೆಚ್ಚುತ್ತದೆ (5-ಎಚ್‌ಟಿ ಅಂದರೆ ಸೆರೊಟೋನಿನ್ನೇ). ಅದೇ ಇಲಿಗೆ ಆ ಗ್ರಂಥಿಯ ಸ್ಟೀರಾಯ್ಡ್ ಆದ ಕಾರ್ಟಿಕೊಸ್ಟೆರೋನ್ ಕೊಟ್ಟರೆ ಮತ್ತೆ ಇಳಿಯುತ್ತದೆ. ಗಮನಿಸಿ, ಏರಿದ್ದು ಇಳಿಯುತ್ತದೆ. ಸತ್ತದ್ದಾದರೆ ಹೀಗೆ ಆಗುತ್ತಿರಲಿಲ್ಲ.

ಸೆರೊಟೋನಿನ್ ರಿಸೆಪ್ಟರ್‌ಗಳಲ್ಲಿ 7 ಕುಟುಂಬ, ಸುಮಾರು 14 ಬಗೆ. ಹಾರ್ಮೋನುಗಳು ಎಲ್ಲದರ ಮೇಲೂ ಒಂದೇ ಥರ ಕೆಲಸ ಮಾಡುವುದಿಲ್ಲ. ಹೆಣ್ಣಿನ ಹಾರ್ಮೋನು ಈಸ್ಟ್ರೊಜೆನ್ ಕೂಡ ಸ್ಟೀರಾಯ್ಡೇ. ಅದನ್ನು ಕೊಟ್ಟಾಗ ಇಲಿಯ ಮೆದುಳಿನ ಮುಂಭಾಗದಲ್ಲಿ 5-ಎಚ್‌ಟಿ2ಎ ಹೆಚ್ಚಾಗಿದ್ದು ಕಂಡಿದೆ. ಅಂಡಾಶಯ ತೆಗೆದ ಕೋತಿಗಳಲ್ಲಿ ಅದೇ ಹಾರ್ಮೋನು ಸೆರೊಟೋನಿನ್ ತಯಾರಿಸುವ ಕಿಣ್ವದ ಜೀನ್ ಅನ್ನೂ ಚುರುಕು ಮಾಡಿತು. ಮುಟ್ಟಿಗೆ ಮುಂಚಿನ ತೀವ್ರ ಮನೋವ್ಯಥೆಗೂ ಮುಟ್ಟು ನಿಲ್ಲುವ ಹೊತ್ತಿನ ಬಿಸಿಯುಬ್ಬರಕ್ಕೂ ಸೆರೊಟೋನಿನ್ ಮೇಲೆ ಕೆಲಸ ಮಾಡುವ ಔಷಧಿಗಳು ನೆರವಾಗುವುದಕ್ಕೆ ಈ ನಂಟೂ ಒಂದು ಕಾರಣ ಇರಬಹುದು.

ಜೀನ್ ಗೊಡವೆಯೇ ಇಲ್ಲದ ಅಡ್ಡದಾರಿಯೊಂದೂ ಇದೆ. 5-ಎಚ್‌ಟಿ3 ಎಂಬ ಸೆರೊಟೋನಿನ್ ರಿಸೆಪ್ಟರ್ ಅಯಾನುಗಳನ್ನು, ಅಂದರೆ ವಿದ್ಯುತ್ ಆವೇಶದ ಕಣಗಳನ್ನು, ಒಳಬಿಡುವ ಪುಟ್ಟ ಬಾಗಿಲು. ಪ್ರಯೋಗಾಲಯದಲ್ಲಿ ಜೀವಕೋಶಗಳಿಗೆ ಈಸ್ಟ್ರಡಯೋಲ್ (ಒಂದು ಬಗೆಯ ಈಸ್ಟ್ರೊಜೆನ್), ಪ್ರೊಜೆಸ್ಟೆರೋನ್ ಎಂಬ ಹೆಣ್ಣಿನ ಹಾರ್ಮೋನುಗಳನ್ನು ಹಾಕಿದಾಗ ಆ ಬಾಗಿಲಿನ ಹರಿವು ನೇರವಾಗಿ ತಗ್ಗುತ್ತದೆ. ವಾಂತಿ ಬರಿಸುವುದರಲ್ಲಿ ಇದೇ ರಿಸೆಪ್ಟರ್‌ಗೆ ದೊಡ್ಡ ಪಾತ್ರ. ಕೀಮೋಥೆರಪಿ ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್ ಇದನ್ನೇ ತಡೆಯುತ್ತದೆ. ಜೊತೆಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನು ನಿಮ್ಮ ನಿದ್ದೆಯ ವಿಷಯ. ಎಲ್ಲವನ್ನೂ ಸೆರೊಟೋನಿನ್ ತಲೆಗೆ ಕಟ್ಟುವುದು ಈಗ ಒಂದು ಚಾಳಿಯಾಗಿದೆ. ಪ್ರೆಡ್ನಿಸೋಲೋನ್ ದೇಹದ್ದೇ ಸ್ಟೀರಾಯ್ಡ್ ಹಾರ್ಮೋನಾದ ಕಾರ್ಟಿಸೋಲ್ ಥರವೇ ಕೆಲಸ ಮಾಡುತ್ತದೆ. ಎಚ್ಚರ, ಹಸಿವು, ಮೆದುಳಿನ ಇನ್ನೊಂದು ರಾಸಾಯನಿಕವಾದ ಡೋಪಮೈನ್ ಎಲ್ಲದಕ್ಕೂ ಕೈ ಹಾಕುತ್ತದೆ. ಇಲ್ಲಿ ಡೋಸ್ ಮುಖ್ಯ. ಬಾಸ್ಟನ್‌ನಲ್ಲಿ ಆಸ್ಪತ್ರೆ ರೋಗಿಗಳ ಮೇಲೆ ನಡೆದ ಪರಿಶೀಲನೆಯೊಂದು 1972ರಲ್ಲಿ ಪ್ರಕಟವಾಯಿತು. ಅದರಲ್ಲಿ ಪ್ರೆಡ್ನಿಸೋನ್ (ದೇಹದಲ್ಲಿ ಪ್ರೆಡ್ನಿಸೋಲೋನ್ ಆಗಿ ಬದಲಾಗುವ ಮಾತ್ರೆ) ದಿನಕ್ಕೆ 40 ಮಿ.ಗ್ರಾಂ ಒಳಗಿದ್ದವರಲ್ಲಿ ಶೇ 1.3 ಜನಕ್ಕೆ ಗಂಭೀರ ಮಾನಸಿಕ ತೊಂದರೆ ಕಂಡಿತ್ತು. 80 ದಾಟಿದವರಲ್ಲಿ ಅದು ಶೇ 18.4. ಬರೀ ನಿದ್ದೆಗೇಡು, ಸಿಡುಕು ಇದಕ್ಕಿಂತ ಎಷ್ಟೋ ಸಾಮಾನ್ಯ. ಮಾತ್ರೆ ಮುಗಿದ ಮೇಲೆ ಹೆಚ್ಚಾಗಿ ತಾನಾಗೇ ಹೋಗುತ್ತದೆ.

ಸಂಜೆ ಮಾತ್ರೆ ನುಂಗುತ್ತಿದ್ದೀರಾ? ವೈದ್ಯರನ್ನು ಕೇಳಿ, ಪೂರ್ತಿ ಡೋಸ್ ಅನ್ನು ಬೆಳಿಗ್ಗೆ ತಿಂಡಿಯಾದ ಮೇಲೆ ತಗೊಳ್ಳಿ. ದೇಹದ ಕಾರ್ಟಿಸೋಲ್ ಏರುವ ಹೊತ್ತೂ ಅದೇ. ಸೆರೊಟೋನಿನ್ ಹೆಚ್ಚಿಸುತ್ತವೆ ಎನ್ನುವ ಪೂರಕ ಮಾತ್ರೆಗಳನ್ನು ನೀವಾಗೇ ಸೇರಿಸಬೇಡಿ. ಅತಿಯಾದ ಹುರುಪು, ತಡೆಯಿಲ್ಲದ ಮಾತು, ಇಲ್ಲದ ದನಿ ಕೇಳಿಸುವುದು, ಸಾಯುವ ಯೋಚನೆ, ಇವುಗಳಲ್ಲಿ ಯಾವುದು ಕಂಡರೂ ಅಂದೇ ವೈದ್ಯರಿಗೆ ತಿಳಿಸಿ. ಚಿಕಿತ್ಸೆ ಸುಮಾರು ಮೂರು ವಾರ ಮೀರಿದರೆ ಅಡ್ರಿನಲ್ ಗ್ರಂಥಿ ತನ್ನ ಕೆಲಸ ತಗ್ಗಿಸಿರುತ್ತದೆ. ಆಗ ಡೋಸ್ ಅನ್ನು ಹಂತ ಹಂತವಾಗಿಯೇ ಇಳಿಸಬೇಕು.

ನೀವು ಸ್ಟೀರಾಯ್ಡ್ ಇನ್ಹೇಲರ್ ಬಳಸುತ್ತಿದ್ದರೆ ಅದನ್ನು ಇದರ ಜೊತೆ ಸೇರಿಸಿ ಹೆದರಬೇಡಿ. ಅದರ ಅಳತೆ ಮೈಕ್ರೋಗ್ರಾಂಗಳಲ್ಲಿ, ಹೆಚ್ಚಿನ ಕೆಲಸ ಶ್ವಾಸನಾಳದಲ್ಲೇ.