ಓದುಗರ ಪ್ರಶ್ನೆ: ‘ಶುಗರ್ ನರ’ ಅಂದದ್ದು ಸಿಐಡಿಪಿ ಆದಾಗ

ಪ್ರಶ್ನೆ: ನಮ್ಮ ಅತ್ತೆಗೆ 54 ವರ್ಷ, ತೂಕ 50 ಕೆಜಿ, ಶುಗರ್ ಇದೆ. ಮೂರು ತಿಂಗಳಿಂದ ಕೈಕಾಲು ಜೋಮು. ಈಗ ನೆಲದಿಂದ ಏಳಲಾರರು, ಅಟ್ಟದ ಡಬ್ಬಿ ಇಳಿಸಲಾರರು. ಮೊದಲು ‘ಶುಗರ್ ನರ’ ಎಂದು ವಿಟಮಿನ್ ಕೊಟ್ಟರು, ಈಗ ನರತಜ್ಞರು ಸಿಐಡಿಪಿ ಅಂತಾರೆ. ಇದು ಪುಣೆಯಲ್ಲಿ ಹಬ್ಬಿದ ಕಾಯಿಲೆಯೇ? ಐದು ದಿನ ಡ್ರಿಪ್ ಬೇಕಂತೆ, ಯಾಕೆ?
— ಹೆಸರು ಬೇಡ, ಶಿರಸಿ

ಉತ್ತರ: ಅದೇ ಅಲ್ಲ, ಅದರ ದಾಯಾದಿ. ಸಿಐಡಿಪಿ ಎಂದರೆ ನರಗಳ ಹೊದಿಕೆ ಕಳಚುವ, ಬಹುಕಾಲ ಉಳಿಯುವ ಉರಿಯೂತ. 2025ರ ಆರಂಭದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡದ್ದು ಗಿಲನ್-ಬಾರೆ, ಅಂದರೆ ಜಿಬಿಎಸ್. ಎರಡರಲ್ಲೂ ದೇಹದ ಕಾವಲು ಪಡೆಯೇ ನರಗಳ ಮೇಲೆ ತಿರುಗಿಬೀಳುತ್ತದೆ. ಜಿಬಿಎಸ್ ನಾಲ್ಕು ವಾರದೊಳಗೆ ಏರುವಷ್ಟು ಏರಿ ನಿಲ್ಲುತ್ತದೆ. ಸಿಐಡಿಪಿ ಎಂಟು ವಾರ ದಾಟಿದರೂ ನರದ ಮೈಲಿನ್ ಹೊದಿಕೆಯನ್ನು ಕಿತ್ತುಹಾಕುತ್ತಲೇ ಇರುತ್ತದೆ. ಹೆಸರು ಸರಿಯಾಗಿ ಗೊತ್ತಾಗಲೇಬೇಕು, ಯಾಕೆಂದರೆ ಸ್ಟೀರಾಯ್ಡ್ ಜಿಬಿಎಸ್‌ಗೆ ನಾಟುವುದಿಲ್ಲ, ಸಿಐಡಿಪಿಗೆ ನಾಟುತ್ತದೆ.

ಶುಗರ್ ನರ ಸಾಮಾನ್ಯವಾಗಿ ಕಾಲ್ಬೆರಳಿನ ಉರಿಯಿಂದ ಶುರುವಾಗಿ ವರ್ಷಗಟ್ಟಲೆ ತೆವಳುತ್ತದೆ. ಎರಡೂ ತೊಡೆ, ಎರಡೂ ಭುಜದ ಬಲ ಮೂರೇ ತಿಂಗಳಲ್ಲಿ ಒಟ್ಟಿಗೆ ಇಳಿದರೆ ಅನುಮಾನಪಡಲೇಬೇಕಿತ್ತು. ಮಂಡಿಗೆ ಸುತ್ತಿಗೆ ತಟ್ಟಿದರೆ ಕಾಲು ಜಿಗಿಯದೆ ಇರುವುದು ಇನ್ನೊಂದು ಸುಳಿವು. ನರ್ವ್ ಕಂಡಕ್ಷನ್ (ನರದಲ್ಲಿ ಸಂಕೇತ ಹರಿಯುವ ವೇಗದ ಪರೀಕ್ಷೆ) ರಿಪೋರ್ಟ್ ಕೈಯಲ್ಲಿದ್ದರೆ ಮುಂಗೈ ನರದ ವೇಗ ನೋಡಿ: ಸೆಕೆಂಡಿಗೆ 50 ಮೀಟರ್ ಆಸುಪಾಸು ಇರಬೇಕಾದ್ದು 30ಕ್ಕೆ ಇಳಿದಿದ್ದರೆ ಹೊದಿಕೆ ಹೋಗಿದೆ ಎಂದೇ ಲೆಕ್ಕ. ಬೆನ್ನುನೀರಿನಲ್ಲಿ ಪ್ರೋಟೀನ್ ಹೆಚ್ಚಿರುತ್ತದೆ, ಆದರೆ ಶುಗರ್ ಇದ್ದವರಲ್ಲಿ ಅದು ಹಾಗೆಯೇ ತುಸು ಹೆಚ್ಚಿರುವುದುಂಟು, ಅದೊಂದನ್ನೇ ನೆಚ್ಚಬೇಡಿ. ರಕ್ತದ ಪ್ರೋಟೀನ್ ಎಲೆಕ್ಟ್ರೋಫೋರಿಸಿಸ್, ಅಂದರೆ ಅಸಹಜ ಪ್ರೋಟೀನ್ ಹುಡುಕುವ ಪರೀಕ್ಷೆ, ಆಗಿದೆಯೇ ಕೇಳಿ. ಮೂಳೆಮಜ್ಜೆಯ ಕೆಲವು ಕಾಯಿಲೆಗಳು ಥೇಟ್ ಸಿಐಡಿಪಿಯಂತೆ ವೇಷ ಹಾಕುತ್ತವೆ, ಅವುಗಳ ಚಿಕಿತ್ಸೆಯೇ ಬೇರೆ.

ಡ್ರಿಪ್ ಎಂದರೆ ಐವಿಐಜಿ, ರಕ್ತದಾನಿಗಳ ಪ್ಲಾಸ್ಮಾದಿಂದ ತೆಗೆದ ಇಮ್ಯುನೋಗ್ಲೋಬ್ಯುಲಿನ್ (ಪ್ರತಿಕಾಯಗಳು). ಮೊದಲ ಸುತ್ತಿಗೆ ಕೆಜಿಗೆ 2 ಗ್ರಾಂ, ನಿಮ್ಮ ಅತ್ತೆಗೆ 100 ಗ್ರಾಂ. 5 ಗ್ರಾಂ ಬಾಟಲಿಯಾದರೆ ದಿನಕ್ಕೆ ನಾಲ್ಕರಂತೆ ಐದು ದಿನ. ಒಂದೇ ದಿನ ಮುಗಿಸಿಬಿಡೋಣ ಎನ್ನಬೇಡಿ. ವೇಗ ಹೆಚ್ಚಾದಷ್ಟೂ ತಲೆಸಿಡಿತ, ಚಳಿನಡುಕ. ಹಾಗಾದರೆ ನರ್ಸಿಗೆ ಹೇಳಿ ವೇಗ ತಗ್ಗಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಮೊದಲೇ ಕಿಡ್ನಿ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿರಬೇಕು, ನೀರು ಚೆನ್ನಾಗಿ ಕುಡಿಸಬೇಕು. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ತಡಮಾಡದೆ ತಿಳಿಸಿ.

ಶುಗರ್ ಇರುವವರ ಮನೆಯವರಿಗೆ ಇದನ್ನು ಎಷ್ಟೋ ಕಡೆ ಯಾರೂ ಹೇಳುವುದಿಲ್ಲ: ಕೆಲವು ಬ್ರ್ಯಾಂಡ್‌ಗಳಲ್ಲಿ ಮಾಲ್ಟೋಸ್ ಇರುತ್ತದೆ. ಕೆಲವು ಗ್ಲುಕೋಮೀಟರ್‌ಗಳು ಅದನ್ನೂ ಸಕ್ಕರೆ ಎಂದು ಎಣಿಸಿ ಸುಳ್ಳು ಏರಿಕೆ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ನಿಜವಾದ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಬಾಟಲಿಯ ಚೀಟಿ ಓದಿ, ಮಾಲ್ಟೋಸ್ ಇದ್ದರೆ ಸಕ್ಕರೆಯನ್ನು ಲ್ಯಾಬಿನಲ್ಲೇ ನೋಡಿಸಿ.

ಮೊದಲ ಸುತ್ತಿಗೇ ಎದ್ದು ಓಡಾಡಬೇಕೆಂದು ಕಾಯಬೇಡಿ. ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ ಕೆಜಿಗೆ 1 ಗ್ರಾಂನಂತೆ ಇನ್ನೂ ಕೆಲವು ಸಲ ಕೊಟ್ಟೇ ಫಲ ಅಳೆಯುತ್ತಾರೆ. ನೀವೂ ಅಳೆಯಿರಿ: ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡು, ಹತ್ತು ಮೀಟರ್ ನಡೆಯಲು ಎಷ್ಟು. ವಾರಕ್ಕೊಮ್ಮೆ ಬರೆದಿಡಿ. ‘ಪರವಾಗಿಲ್ಲ ಅನ್ಸತ್ತೆ’ ಎನ್ನುವುದಕ್ಕಿಂತ ಆ ಚೀಟಿಯೇ ವೈದ್ಯರಿಗೆ ಉಪಯೋಗ. ಅಂಕಿ ಕದಲದಿದ್ದರೆ ನ್ಯೂರೋಫ್ಯಾಸಿನ್ 155 ಎಂಬ ನರದ ಪ್ರೋಟೀನಿನ ಮೇಲೆರಗುವ ಪ್ರತಿಕಾಯದ ಪರೀಕ್ಷೆ ಬೇಕೇ ಎಂದು ಕೇಳಿ. ಅದು ಪಾಸಿಟಿವ್ ಇದ್ದವರಿಗೆ ಐವಿಐಜಿ ಹೆಚ್ಚಾಗಿ ಹತ್ತುವುದಿಲ್ಲ, ರಿಟುಕ್ಸಿಮ್ಯಾಬ್ ಎಂಬ ಔಷಧದ ಕಡೆ ಹೊರಳಬೇಕಾಗುತ್ತದೆ.

ಪ್ರಶ್ನೆ: ನನಗೆ ಜಿಬಿಎಸ್ ಆಗಿ ಸುಧಾರಿಸಿತ್ತು. ಮೂರನೇ ತಿಂಗಳಲ್ಲಿ ಮತ್ತೆ ಕಾಲು ಸೋಲುತ್ತಿದೆ.
— ಓದುಗ, ಹಾಸನ

ಉತ್ತರ: ಈ ವಾರವೇ ನರತಜ್ಞರ ಬಳಿ ಹೋಗಿ, ಹಳೆಯ ನರ್ವ್ ಕಂಡಕ್ಷನ್ ರಿಪೋರ್ಟ್ ಒಯ್ಯಿರಿ. ಎಂಟು ವಾರ ಕಳೆದ ಮೇಲೆ ಬಲ ಮತ್ತೆ ಇಳಿದರೆ ಮೊದಲಿನಿಂದಲೂ ಅದು ಸಿಐಡಿಪಿಯೇ ಇದ್ದಿರಬಹುದು.